ಅಪ್ಪನಿಗೊಂದು ಹಳೆಯ ಕಾರು: ಕಿಲೋಮೀಟರಿಗಿಂತ ಮೊದಲು ತುಕ್ಕು ನೋಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಕುಮಟಾದಿಂದ ಹತ್ತು ಕಿಲೋಮೀಟರ್ ದೂರದಲ್ಲಿ, ಅಘನಾಶಿನಿಯ ದಡದ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ 68 ವರ್ಷ. ಇಪ್ಪತ್ತು ವರ್ಷ ಓಡಿಸಿದ ಓಮ್ನಿ ಈಗ ನೆಲ ತೂತಾಗಿ ಅಂಗಳದಲ್ಲಿ ನಿಂತಿದೆ. ಅಮ್ಮನಿಗೆ ಮಂಡಿನೋವು. ವಾರಕ್ಕೆ ಎರಡು ಸಲ ಕುಮಟಾ ಪೇಟೆ, ತಿಂಗಳಿಗೊಮ್ಮೆ ಶಿರಸಿಯಲ್ಲಿರುವ ಅಕ್ಕನ ಮನೆ, ಇಷ್ಟೇ ಓಡಾಟ. ನನ್ನ ಕೈಯಲ್ಲಿ ಇರುವುದು ಮೂರು ಲಕ್ಷ. ಮೂರು ಕಾರು ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ 2014ರ ಡೀಸೆಲ್ ಸ್ವಿಫ್ಟ್, 96,000 ಕಿ.ಮೀ., 2.9 ಲಕ್ಷ. ಕಾರವಾರದಲ್ಲಿ ಗೋವಾ ನೋಂದಣಿಯ 2017ರ ವ್ಯಾಗನ್ ಆರ್, 31,000 ಕಿ.ಮೀ., 2.6 ಲಕ್ಷ. ಶಿರಸಿಯಲ್ಲಿ ಒಬ್ಬರೇ ಮಾಲೀಕರ 2016ರ ಸೆಲೆರಿಯೊ ಎಎಂಟಿ, 58,000 ಕಿ.ಮೀ., 2.85 ಲಕ್ಷ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ವರ್ಷ, ಬೆಲೆ, ಕಿಲೋಮೀಟರು ಎಲ್ಲವೂ ಇವೆ. ಒಂದು ವಿಷಯ ಮಾತ್ರ ಇಲ್ಲ. ಇಷ್ಟು ವರ್ಷ ಈ ಕಾರುಗಳು ರಾತ್ರಿ ಎಲ್ಲಿ ನಿಲ್ಲುತ್ತಿದ್ದವು? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ಕಾರು ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನು. ಶಿರಸಿಯಲ್ಲಿ ಗ್ಯಾರೇಜು ನಡೆಸುತ್ತಾ ಇಪ್ಪತ್ತಾರು ವರ್ಷವಾಯಿತು. ಘಟ್ಟದ ಮೇಲಿನ ಕಾರುಗಳೂ ಕೆಳಗಿನ ಕಾರುಗಳೂ ನನ್ನ ರ‍್ಯಾಂಪಿನ ಮೇಲೆ ಏರಿವೆ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳನ್ನು ಅಕ್ಕಪಕ್ಕ ಎತ್ತಿ ನೋಡಿದರೆ, ಯಾವುದು ಕರಾವಳಿಯ ಅಂಕೋಲೆಯಲ್ಲಿ ಬೆಳೆದದ್ದು, ಯಾವುದು ಘಟ್ಟದ ಮೇಲಿನ ಯಲ್ಲಾಪುರದಲ್ಲಿ ಬೆಳೆದದ್ದು ಎಂದು ಕೆಳಗಿನ ತಗಡೇ ಹೇಳುತ್ತದೆ. ನಿಮ್ಮ ಅಪ್ಪನ ಓಮ್ನಿಯ ಎಂಜಿನ್ ಇವತ್ತಿಗೂ ಒಂದೆರಡು ಸುತ್ತಿಗೆ ಚಾಲೂ ಆಗುತ್ತದೆ ಎಂದು ನನ್ನ ಊಹೆ. ಕರಾವಳಿಯಲ್ಲಿ ಕಾರುಗಳು ಎಂಜಿನ್ ಸತ್ತು ಸಾಯುವುದು ಕಡಿಮೆ, ನೆಲ ತೂತಾಗಿ ಸಾಯುವುದೇ ಹೆಚ್ಚು.

ಉಪ್ಪುಗಾಳಿ ಮಾಡುವ ಕೆಲಸ ಸರಳ. ಗಾಳಿಯಲ್ಲಿ ಬಂದ ಉಪ್ಪಿನ ಕಣ ತಗಡಿನ ಮೇಲೆ ಕೂರುತ್ತದೆ, ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ, ಮಳೆ ಇಲ್ಲದ ರಾತ್ರಿಯಲ್ಲೂ ಕಬ್ಬಿಣವನ್ನು ಒದ್ದೆಯಾಗಿಯೇ ಇಡುತ್ತದೆ. ಕಾರಿನ ಮೇಲ್ಭಾಗವನ್ನು ಮಳೆ ತೊಳೆಯುತ್ತದೆ. ಬಾಗಿಲ ಕೆಳಗಿನ ಪಟ್ಟಿಯ ಒಳಗೆ, ಚಕ್ರದ ಕಮಾನಿನ ಮಡಿಕೆಯಲ್ಲಿ, ನೆಲದ ಬೆಸುಗೆಯ ಸಂದಿಯಲ್ಲಿ ಕುಳಿತ ಉಪ್ಪನ್ನು ಯಾವ ಮಳೆಯೂ ತೊಳೆಯುವುದಿಲ್ಲ. ನಿಮ್ಮ ಊರಿನ ಕಡೆ ಗಜನಿಯ (ಉಪ್ಪುನೀರಿನ ಗದ್ದೆಯ) ಪಕ್ಕದ ರಸ್ತೆಗಳಿಗೆ ದೊಡ್ಡ ಭರತದ (ಸಮುದ್ರದ ಉಬ್ಬರದ) ದಿನ ಉಪ್ಪುನೀರು ಏರಿ ಬರುವುದೂ ಉಂಟು. ಅದರಲ್ಲಿ ಒಂದು ಸಲ ಕಾರು ಓಡಿಸಿ ಕೆಳಗೆ ತೊಳೆಯದೆ ಬಿಟ್ಟರೆ ಸಾಕು, ಆ ಉಪ್ಪು ವರ್ಷಗಟ್ಟಲೆ ಕೆಲಸ ಮಾಡುತ್ತದೆ.

ಆದ್ದರಿಂದ ನನ್ನ ಮೊದಲ ಮಾತು: ಕರಾವಳಿಯಲ್ಲಿ ಇಡುವ ಕಾರನ್ನು ಘಟ್ಟದ ಮೇಲಿಂದ ತನ್ನಿ. ಅದು ಹತ್ತು ವರ್ಷ ಹಳೆಯದಾದರೂ ಅದರ ತಗಡಿನಲ್ಲಿ ಇನ್ನೊಂದು ಆಯುಷ್ಯ ಉಳಿದಿರುತ್ತದೆ. ಆದರೆ ನೋಂದಣಿ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಕೆಎ 65 ದಾಂಡೇಲಿ ಎಂದು ನಮಗೆಲ್ಲ ಬಾಯಿಪಾಠ. ಆದರೆ ಶಿರಸಿಯಲ್ಲಿ ನೋಂದಣಿಯಾಗಿ ಹತ್ತು ವರ್ಷ ಮುರುಡೇಶ್ವರದಲ್ಲಿ ನಿಂತ ಕಾರುಗಳನ್ನೂ ನೋಡಿದ್ದೇನೆ. ಸರ್ವಿಸ್ ದಾಖಲೆಯಲ್ಲಿ ಯಾವ ಊರಿನ ವರ್ಕ್‌ಶಾಪಿನ ಹೆಸರಿದೆ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ಈಗ ನಿಮ್ಮ ಮೂರು ಕಾರುಗಳಿಗೆ ಬರುತ್ತೇನೆ.

ಸ್ವಿಫ್ಟ್ ಬೇಡ. ಕಾರು ಕೆಟ್ಟದ್ದಲ್ಲ, ನಿಮ್ಮ ಅಪ್ಪನ ಓಡಾಟಕ್ಕೆ ಡೀಸೆಲ್ ಹೊಂದುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ 5,000 ಕಿ.ಮೀ. ಓಡುತ್ತದೆ ಎನ್ನಿ. ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ 20 ಕೊಟ್ಟರೆ, ಎರಡರ ಇಂಧನ ಖರ್ಚಿನ ವ್ಯತ್ಯಾಸ ವರ್ಷಕ್ಕೆ ಒಂಬತ್ತು, ಹತ್ತು ಸಾವಿರದ ಆಸುಪಾಸು. ಲಕ್ಷದ ಹತ್ತಿರ ಓಡಿದ ಡೀಸೆಲ್ ಎಂಜಿನ್ನಿನ ಟರ್ಬೊ ಅಥವಾ ಇಂಜೆಕ್ಟರುಗಳು ಒಂದು ಸಲ ಕೈಕೊಟ್ಟರೆ ಆ ಉಳಿತಾಯವೆಲ್ಲ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಅಮ್ಮ. ಸ್ವಿಫ್ಟಿನ ಸೀಟು ತಗ್ಗು. ಮಂಡಿನೋವು ಇರುವವರು ತಗ್ಗಿನ ಸೀಟಿಗೆ ಇಳಿದು ಕೂರುವಾಗಲೂ ನೋವು, ಏಳುವಾಗ ಅದರ ಎರಡರಷ್ಟು ನೋವು.

ವ್ಯಾಗನ್ ಆರ್ ನನಗೆ ಮಾದರಿಯಾಗಿ ಬಹಳ ಇಷ್ಟ. ಎತ್ತರದ ಸೀಟು, ನೇರ ಬಾಗಿಲು, ಕುರ್ಚಿಯ ಮೇಲೆ ಕೂತಂತೆ ಕೂರಬಹುದು. ಅದರ ಒಂದು ಲೀಟರಿನ ಎಂಜಿನ್ ನಮ್ಮ ಜಿಲ್ಲೆಯ ಯಾವ ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಗೊತ್ತು, ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಗೊಡವೆಯಿಲ್ಲ. ನನ್ನ ತಕರಾರು ಇರುವುದು ನೀವು ನೋಡಿದ ಆ ಒಂದು ಕಾರಿನ ಬಗ್ಗೆ. ಎಂಟು ವರ್ಷಕ್ಕೆ 31,000 ಕಿ.ಮೀ. ಎಂದರೆ ಒಂದೋ ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಆ ಕಾರು ಸಮುದ್ರದ ಗಾಳಿಯಲ್ಲಿ ಸುಮ್ಮನೆ ನಿಂತೇ ಕಾಲ ಕಳೆದಿದೆ. ಎರಡನೆಯದೂ ಒಳ್ಳೆಯ ಸುದ್ದಿಯಲ್ಲ. ಓಡುವ ಕಾರಿಗಿಂತ ನಿಂತ ಕಾರಿಗೆ ತುಕ್ಕು ಬೇಗ. ಗೋವಾದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟ ಕಾರುಗಳು ಆಮೇಲೆ ಖಾಸಗಿ ನೋಂದಣಿಗೆ ಬದಲಾಗಿ ಮಾರಾಟಕ್ಕೆ ಬರುವುದೂ ಇದೆ. ಬಾಡಿಗೆ ಕಾರಿನ ಗುರುತಾದ ಕಪ್ಪು ಫಲಕದ ಮೇಲಿನ ಹಳದಿ ಅಕ್ಷರ ಈ ಕಾರಿಗೆ ಮೊದಲು ಇತ್ತೇ ಎಂದು ನೇರವಾಗಿ ಕೇಳಿ, ಆರ್‌ಸಿಯ ಇತಿಹಾಸ ನೋಡಿ.

ಅದರ ಮೇಲೆ ತೆರಿಗೆ. ಗೋವಾದ ಕಾರನ್ನು ಅಪ್ಪನ ಹೆಸರಿಗೆ, ಕುಮಟಾದ ವಿಳಾಸಕ್ಕೆ ತರಬೇಕಾದರೆ ಅಲ್ಲಿನ ಸಾರಿಗೆ ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಾರಿನ ಬೆಲೆ ಮತ್ತು ವಯಸ್ಸಿನ ಲೆಕ್ಕದಲ್ಲಿ ಕಟ್ಟಬೇಕು. ಅದು ಹತ್ತಾರು ಸಾವಿರ ರೂಪಾಯಿಯ ಬಾಬತ್ತು. ‘ಗೋವಾ ನಂಬರಿನಲ್ಲೇ ಓಡಿಸಿ, ಯಾರು ಕೇಳುತ್ತಾರೆ’ ಎಂದು ಮಾರುವವರು ಹೇಳುತ್ತಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟ ವಾಹನಕ್ಕೆ ಹೊಸ ನೋಂದಣಿ ಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅರವತ್ತೆಂಟರ ಮನುಷ್ಯ ಚೆಕ್‌ಪೋಸ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲುವಂಥ ಕಾರನ್ನು ಕೊಡಬೇಡಿ. ತೆರಿಗೆ ಸೇರಿಸಿದರೆ ನಿಮ್ಮ ಪಟ್ಟಿಯಲ್ಲಿ ಅತಿ ಅಗ್ಗದ ಕಾರು ಇದಲ್ಲ.

ಉಳಿದದ್ದು ಸೆಲೆರಿಯೊ. ಒಬ್ಬರೇ ಮಾಲೀಕರು, ಘಟ್ಟದ ಮೇಲಿನ ಊರು, ವರ್ಷಕ್ಕೆ ಆರು ಸಾವಿರ ಚಿಲ್ಲರೆ ಕಿಲೋಮೀಟರು, ಕೇಳಲು ಚೆನ್ನಾಗಿದೆ. ನನ್ನ ಒಲವು ಇದರ ಕಡೆಗೇ. ಆದರೆ ಎಎಂಟಿ ಎಂದರೆ ಏನು ಎಂಬುದು ನಿಮಗೂ ಅಪ್ಪನಿಗೂ ಸರಿಯಾಗಿ ತಿಳಿದಿರಬೇಕು. ಅದರೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ನಿಮ್ಮ ಬದಲು ಒಂದು ಯಂತ್ರ ಕ್ಲಚ್ ತುಳಿದು ಗೇರು ಬದಲಿಸುತ್ತದೆ, ಅಷ್ಟೇ. ಆ ಕಾಲದ ಎಎಂಟಿಗಳಲ್ಲಿ ಏರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವ ಸೌಲಭ್ಯ ಇರಲಿಲ್ಲ. ಕುಮಟಾದಿಂದ ಶಿರಸಿಗೆ ಬರುವ ದಾರಿಯ ದೇವಿಮನೆ ಘಟ್ಟದ ತಿರುವಿನಲ್ಲಿ ಲಾರಿಯ ಹಿಂದೆ ನಿಂತಾಗ ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರುತ್ತದೆ. ಅನೇಕರು ಆಗ ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿದು ನಿಲ್ಲುತ್ತಾರೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಹೊರಡುವ ಹಳೆಯ ಪದ್ಧತಿಯೇ ಇದಕ್ಕೂ ಸರಿ. ಇದರಲ್ಲಿ ಪಾರ್ಕಿಂಗ್ ಗೇರು ಎಂಬುದೂ ಇಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಹ್ಯಾಂಡ್ ಬ್ರೇಕ್ ಹಾಕಬೇಕು.

ಎಡಗಾಲಿಗೆ ಕೆಲಸವಿಲ್ಲದಿರುವುದು ವಯಸ್ಸಾದವರಿಗೆ ದೊಡ್ಡ ಆರಾಮ, ಒಪ್ಪುತ್ತೇನೆ. ಆದರೆ ನಲವತ್ತು ವರ್ಷ ಕ್ಲಚ್ ತುಳಿದ ಕಾಲು ಗಾಬರಿಯಲ್ಲಿ ಕ್ಲಚ್ ಎಂದುಕೊಂಡು ಬ್ರೇಕನ್ನೇ ಒದೆಯುತ್ತದೆ. ಇದು ಅಪ್ಪನೇ ತೀರ್ಮಾನಿಸಬೇಕಾದದ್ದು. ಮಕ್ಕಳು ಬೆಂಗಳೂರಿನಲ್ಲಿ ಕುಳಿತು ಕಾರು ಆರಿಸಿ, ಹೂವಿನ ಹಾರ ಹಾಕಿ ಮನೆ ಮುಂದೆ ತಂದು ನಿಲ್ಲಿಸಿ, ಅಪ್ಪ ಅದನ್ನು ಎರಡು ತಿಂಗಳಲ್ಲಿ ಮೂಲೆಗೆ ತಳ್ಳಿದ ಸಂಗತಿಗಳು ನನ್ನ ಗ್ಯಾರೇಜಿಗೆ ಬಂದಿವೆ. ಅಕ್ಕನ ಮನೆಗೆ ಬಂದಾಗ ಅಪ್ಪನೇ ಆ ಸೆಲೆರಿಯೊವನ್ನು ಒಂದು ಗಂಟೆ ಓಡಿಸಲಿ. ಅವರಿಗೆ ಹಿಡಿಸದಿದ್ದರೆ ಅದೇ ಕಾಲದ, ಕೈ ಗೇರಿನ ವ್ಯಾಗನ್ ಆರ್ ಅಥವಾ ಸೆಲೆರಿಯೊವನ್ನು ಶಿರಸಿ, ಸಿದ್ದಾಪುರ, ಹುಬ್ಬಳ್ಳಿ ಕಡೆ ಹುಡುಕಿ. ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ.

ಓಮ್ನಿಯಿಂದ ಬರುವವರ ವಿಷಯದಲ್ಲಿ ಇನ್ನೆರಡು ಮಾತು. ಓಮ್ನಿಯಲ್ಲಿ ಗಾಜಿನ ಆಚೆ ರಸ್ತೆಯೇ; ಮುಂದೆ ಮೂಗಿಲ್ಲ. ಈಗ ಬಾನೆಟ್ ಇರುತ್ತದೆ, ಅದರ ತುದಿ ಚಾಲಕನಿಗೆ ಕಾಣುವುದಿಲ್ಲ. ಚಿರೆಕಲ್ಲಿನ ಪಾಗಾರಗಳ ನಡುವಿನ ನಿಮ್ಮ ಓಣಿಯಲ್ಲಿ ಮೊದಲ ವಾರವೇ ಬಂಪರ್ ತಾಗಬಹುದು. ಅದಕ್ಕೆ ಅಪ್ಪನನ್ನು ಬೈಯಬೇಡಿ. ಎರಡನೆಯದು, ಓಮ್ನಿಯನ್ನು ಹಿಂದಿನ ಚಕ್ರ ತಳ್ಳುತ್ತದೆ, ಈ ಕಾರುಗಳನ್ನು ಮುಂದಿನ ಚಕ್ರ ಎಳೆಯುತ್ತದೆ. ಆಷಾಢದಲ್ಲಿ ಹಾವಸೆ ಕಟ್ಟಿದ ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಸುತ್ತುತ್ತಲೇ ಉಳಿಯುತ್ತದೆ. ಮನೆಯ ಏರು ಹಾಗಿದ್ದರೆ ಮಳೆಗಾಲಕ್ಕೆ ಮೊದಲು ಉಜ್ಜಿ ತೆಗೆಸಿ.

ಇನ್ನು ಕಾರನ್ನು ನೋಡುವ ಬಗೆ. ಅಂಗಡಿಯವರು ತೊಳೆದು ಮಿಂಚಿಸಿದ ಮೇಲ್ಭಾಗವನ್ನು ಐದು ನಿಮಿಷ ನೋಡಿ, ಕೆಳಭಾಗವನ್ನು ಅರ್ಧ ಗಂಟೆ ನೋಡಿ. ಯಾವುದಾದರೂ ಗ್ಯಾರೇಜಿನಲ್ಲಿ ರ‍್ಯಾಂಪಿನ ಮೇಲೆ ಏರಿಸಲೇಬೇಕು. ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬನ್ನಿ. ಬೆಸುಗೆಯ ಅಂಚುಗಳು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಆಕ್ಸಲ್ ಬೀಮು (ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ತೊಲೆ) ಕೂರುವ ಜಾಗ, ಮುಂದಿನ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು), ಬಾನೆಟ್ ಎತ್ತಿದರೆ ಕಾಣುವ ಶಾಕ್ ಅಬ್ಸಾರ್ಬರಿನ ಗೋಪುರಗಳು, ಬ್ಯಾಟರಿಯ ತಟ್ಟೆಯ ಕೆಳಗು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತ ತಗಡು ಮಂದವಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಮೇಲ್ಮೈಯಲ್ಲಿ ಕಂದು ಬಣ್ಣ ಹಿಡಿದ ಆಕ್ಸಲ್ಲಿಗೆ ಹೆದರಬೇಕಿಲ್ಲ, ಅದು ಎಲ್ಲ ಕಾರಿಗೂ ಬರುತ್ತದೆ. ಹಪ್ಪಳದಂತೆ ಪದರ ಪದರವಾಗಿ ಏಳುವ ತುಕ್ಕು ಕಂಡರೆ ಆ ಕಾರು ಬೇಡ. ಕೆಳಗೆಲ್ಲ ಹೊಚ್ಚ ಹೊಸ ಕಪ್ಪು ಲೇಪನ ಬಳಿದಿದ್ದರೆ ಇನ್ನಷ್ಟು ಅನುಮಾನ ಪಡಿ. ಮಾರುವ ಹಿಂದಿನ ವಾರ ಯಾರೂ ಪ್ರೀತಿಗೆ ಲೇಪನ ಮಾಡಿಸುವುದಿಲ್ಲ. ಬಾಗಿಲಿನ ರಬ್ಬರ್ ಸ್ವಲ್ಪ ಎಳೆದು ನೋಡಿ, ಕಂಪನಿಯ ಬೆಸುಗೆಯ ದುಂಡು ಚುಕ್ಕಿಗಳು ಒಂದೇ ಅಂತರದಲ್ಲಿ ಕಾಣಬೇಕು. ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿನ ಬದಲು ಪುಟ್ಟಿ (ತೂತು, ತಗ್ಗು ಮುಚ್ಚುವ ಲೇಪ) ಇದೆ ಎಂದರ್ಥ. ಚಾಸಿಸ್ ನಂಬರನ್ನು ಕೆತ್ತಿದ ಜಾಗ ತುಕ್ಕಿನಿಂದ ಅಳಿದಿದ್ದರೆ ಸಾರಿಗೆ ಕಚೇರಿಯಲ್ಲಿ ಕೆಲಸ ನಿಲ್ಲುತ್ತದೆ.

ಬ್ರೇಕಿನ ಕೊಳವೆಗಳನ್ನು ಪ್ರತ್ಯೇಕವಾಗಿ ಹೇಳಬೇಕು. ನೆಲದ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಪೆನ್ಸಿಲಿನಷ್ಟೂ ದಪ್ಪವಿಲ್ಲದ ಉಕ್ಕಿನ ಕೊಳವೆಗಳು ಅವು. ಹನ್ನೊಂದು ವರ್ಷದ ಹಿಂದೆ ನನ್ನ ಚಿಕ್ಕಪ್ಪನಿಗೆ ಕರಾವಳಿಯ ಒಂದು ಕಾರನ್ನು ನಾನೇ ನೋಡಿ ಕೊಡಿಸಿದ್ದೆ. ಎಂಜಿನ್ ನೋಡಿದೆ, ಕ್ಲಚ್ ನೋಡಿದೆ, ಕ್ಲಿಪ್ಪಿನ ಹಿಂದೆ ಮರೆಯಾಗಿದ್ದ ಆ ಕೊಳವೆಯನ್ನು ಬೆರಳಿಟ್ಟು ನೋಡಲಿಲ್ಲ. ರಾಗಿಹೊಸಳ್ಳಿ ದಾಟಿ ಘಟ್ಟ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದಾಗ ತುಕ್ಕು ತಿಂದ ಕೊಳವೆ ಒಡೆದು ಪೆಡಲ್ ಕೆಳಗೆ ಇಳಿಯಿತು. ಬ್ರೇಕಿನ ವ್ಯವಸ್ಥೆ ಎರಡು ಭಾಗವಾಗಿರುವುದರಿಂದ ಉಳಿದರ್ಧ ಕೆಲಸ ಮಾಡಿತು. ಎರಡನೇ ಗೇರಿನಲ್ಲಿದ್ದರು, ಗುಡ್ಡದ ಕಡೆ ತಾಗಿಸಿ ನಿಲ್ಲಿಸಿದರು. ಅವರಿಗೆ ಏನೂ ಆಗಲಿಲ್ಲ. ನಾನು ಅಂದಿನಿಂದ ಯಾವ ಕಾರಿನ ಕೊಳವೆಯನ್ನೂ ಕೈಯಿಂದ ಸವರದೆ ಬಿಟ್ಟಿಲ್ಲ. ನೀವೂ ಬಿಡಬೇಡಿ. ಕಾರು ಬಂದ ವಾರವೇ ಬ್ರೇಕ್ ಆಯಿಲ್ ಬದಲಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಆಯಿಲ್ ಘಟ್ಟ ಇಳಿಯುವ ಬಿಸಿಗೆ ಕುದಿದು ಬ್ರೇಕ್ ಮೆತ್ತಗಾಗುತ್ತದೆ.

ನೆರೆಯಲ್ಲಿ ಮುಳುಗಿದ ಕಾರಿನ ಬಗ್ಗೆಯೂ ಎಚ್ಚರ ಇರಲಿ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕಾಳಿ, ಗಂಗಾವಳಿಯ ದಡಗಳಲ್ಲಿ ನೀರು ಮನೆಗಳಿಗೇ ನುಗ್ಗಿತ್ತು. ಅಂಗಳದ ಕಾರುಗಳೂ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ತಿಳಿಯುತ್ತದೆ. ನೆಲಹಾಸು ಎತ್ತಿ ಮೂಸಿ ನೋಡಿ, ಸ್ಟೆಪ್ನಿಯ ಗುಂಡಿ ನೋಡಿ, ಸೀಟಿನ ಹಳಿಗಳ ತುಕ್ಕು ನೋಡಿ. ಘಟ್ಟದ ಮೇಲಿನ ಕಾರಿನಲ್ಲಿ ಇನ್ನೊಂದು ಕಾಟ ಇಲಿ. ಅಡಿಕೆ ಮನೆಯ ಪಕ್ಕ ನಿಂತ ಕಾರಿನ ವೈರುಗಳಲ್ಲಿ ಟೇಪು ಸುತ್ತಿದ ಗಂಟುಗಳು ಎಷ್ಟಿವೆ ಎಂದು ಎಣಿಸಿ.

ಎಂಜಿನ್ ವಿಷಯ ಎಲ್ಲರಿಗೂ ಗೊತ್ತಿರುವುದೇ, ಚಿಕ್ಕದಾಗಿ ಹೇಳುತ್ತೇನೆ. ಬೆಳಿಗ್ಗೆ ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದು ತಿಳಿಯಿರಿ. ನೀಲಿ ಹೊಗೆ ಬೇಡ, ಕೂಲೆಂಟಿನಲ್ಲಿ ಎಣ್ಣೆಯ ಜಿಡ್ಡು ಬೇಡ. ಎಸಿ ಚೆನ್ನಾಗಿರಲೇಬೇಕು. ನಮ್ಮ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಬಿಡಿಸುವುದು ಎಸಿಯೇ, ಅದನ್ನು ಐಷಾರಾಮ ಎಂದುಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಮೇಲಿನ ಗೀರುಗಳು ಎಷ್ಟೇ ಆಳವಾಗಿರಲಿ, ಆರು ವರ್ಷ ಮೀರಿದ ಟೈರಿನಲ್ಲಿ ಅಪ್ಪನನ್ನು ಘಟ್ಟ ಹತ್ತಿಸಬೇಡಿ. ಹೆಡ್‌ಲೈಟಿನ ಹೊದಿಕೆ ಹಳದಿಯಾಗಿದ್ದರೆ ಪಾಲಿಷ್ ಮಾಡಿಸಿ. ಈ ವಯಸ್ಸಿನ ಕಣ್ಣಿಗೆ ರಾತ್ರಿಯ ಮಳೆಯಲ್ಲಿ ಅಷ್ಟೂ ಬೆಳಕು ಬೇಕು. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಈ ವರ್ಷಗಳ ಕಾರು ಅದರಲ್ಲಿ ಓಡುತ್ತದೆ, ಮೈಲೇಜು ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲಿ ನೋಡಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಬಿಡಬೇಡಿ.

ಏರ್‌ಬ್ಯಾಗ್ ಇದೆಯೇ ನೋಡಿ. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈಯಿಂದ. ಅದಕ್ಕಿಂತ ಹಿಂದಿನ ಸಣ್ಣ ಕಾರುಗಳ ಕೆಳ ಮಾದರಿಗಳಲ್ಲಿ ಏರ್‌ಬ್ಯಾಗೂ ಇರುವುದಿಲ್ಲ, ಎಬಿಎಸ್ಸೂ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವುದಿಲ್ಲ. ಇಪ್ಪತ್ತು ಸಾವಿರ ಹೆಚ್ಚು ಕೊಟ್ಟಾದರೂ ಎರಡೂ ಇರುವ ಮಾದರಿ ತೆಗೆದುಕೊಳ್ಳಿ, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಇದೇ ಬೆಲೆಗೆ ಹಳೆಯ ಹೋಂಡಾ ಸಿಟಿ, ಜಾಝ್ ಕಣ್ಣಿಗೆ ಬಿದ್ದರೆ ಒಂದು ಎಚ್ಚರಿಕೆ: ಟಕಾಟಾ ಕಂಪನಿಯ ಏರ್‌ಬ್ಯಾಗುಗಳನ್ನು ಬದಲಿಸಲು ಹೋಂಡಾ ಅವುಗಳಲ್ಲಿ ಅನೇಕ ಕಾರುಗಳನ್ನು ವಾಪಸ್ ಕರೆದಿತ್ತು. ಅದರೊಳಗಿನ ರಾಸಾಯನಿಕ ಸೆಕೆ ಮತ್ತು ತೇವಕ್ಕೆ ವರ್ಷಗಳ ಮೇಲೆ ಕೆಡುತ್ತದೆ, ನಮ್ಮ ಕರಾವಳಿಯ ಹವೆ ಅಂಥದ್ದೇ. ಚಾಸಿಸ್ ನಂಬರು ಕೊಟ್ಟು ಬದಲಾಗಿದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿ, ಬದಲಾವಣೆ ಉಚಿತ.

ಹಣದ ಹಂಚಿಕೆ: ಮೂರು ಲಕ್ಷವಿದ್ದರೆ ಕಾರಿಗೆ ಎರಡೂವರೆ ಮಾತ್ರ. ಟೈರು, ಬ್ಯಾಟರಿ, ಬ್ರೇಕು, ಎಣ್ಣೆಗಳು, ವಿಮೆ, ವರ್ಗಾವಣೆ ಸೇರಿ ಉಳಿದ ಐವತ್ತು ಸಾವಿರ ಮೊದಲ ಎರಡು ತಿಂಗಳಲ್ಲೇ ಬೇಕಾಗುತ್ತದೆ. ಸೆಲೆರಿಯೊದವರು 2.85 ಎಂದಿದ್ದಾರೆ. ತಪಾಸಣೆಯಲ್ಲಿ ಸಿಕ್ಕಿದ ಖರ್ಚನ್ನು ಬರೆದುಕೊಂಡು ಹೋಗಿ ಮಾತನಾಡಿ, ಇಳಿಯುತ್ತಾರೆ.

ಕಾಗದಪತ್ರಗಳಲ್ಲಿ ಫಾರಂ 29, 30 ವರ್ಗಾವಣೆಗೆ. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ, ಸಾಲದ ನಮೂದು, ಬಾಕಿ ದಂಡ ಮೊದಲೇ ನೋಡಿ. ಮಾರಿದವರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದನ್ನು ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ಅಪ್ಪನ ಹೆಸರಿಗೆ ಬದಲಿಸಿ. ಅಪ್ಪನ ಚಾಲನಾ ಪರವಾನಗಿ ಯಾವಾಗ ಮುಗಿಯುತ್ತದೆ ಎಂದೂ ನೋಡಿ. ಈ ವಯಸ್ಸಿಗೆ ಐದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರದೊಂದಿಗೆ ನವೀಕರಿಸಬೇಕು.

ಹಾಗೆಯೇ ಆ ಓಮ್ನಿ. ಅದನ್ನು ಗುಜರಿಗೆ ಕೊಟ್ಟರೂ, ಯಾರಿಗೋ ಮಾರಿದರೂ, ಸಾರಿಗೆ ಕಚೇರಿಯ ದಾಖಲೆಯಲ್ಲಿ ಅಪ್ಪನ ಹೆಸರು ಹೋಗುವವರೆಗೆ ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹೊಸ ಕಾರನ್ನು ಓಮ್ನಿ ನಿಂತ ಅಂಗಳದಲ್ಲೇ ನಿಲ್ಲಿಸಿದರೆ ಹತ್ತು ವರ್ಷಕ್ಕೆ ಅದೇ ಗತಿ. ಮೇಲೊಂದು ಶೀಟು, ಕೆಳಗೆ ಸಿಮೆಂಟು ಅಥವಾ ಕಲ್ಲುಹಾಸು, ನಾಲ್ಕೂ ಕಡೆ ಗಾಳಿ ಆಡುವಂತಿರಲಿ. ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ, ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನ ಪೈಪು ಹಿಡಿದು ಕೆಳಭಾಗ ತೊಳೆಯಲಿ, ಬಾಗಿಲುಗಳ ಕೆಳಗಿರುವ ನೀರು ಹೋಗುವ ರಂಧ್ರಗಳನ್ನು ತೆಂಗಿನ ಕಡ್ಡಿಯಿಂದ ಬಿಡಿಸಲಿ. ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆಯೇ ಎಂದು ಅಮ್ಮನನ್ನು ಕೇಳಿ. ಆಗುವುದಾದರೆ ಆ ತಿಂಗಳುಗಳಲ್ಲಿ, ಶಿರಸಿಗೆ ಬಂದಾಗ ಅಕ್ಕನ ಮನೆಯ ಅಂಗಳದಲ್ಲೇ ತೊಳೆದುಕೊಂಡು ಹೋಗಲಿ.